ಬಾಂದು ಕಲ್ಲಿನಿಂದ ಬಿಂದುವಿನವರೆಗೆ

ಹೋದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಊರಲ್ಲಿ ಹದ್ದುಬಸ್ತು ಇತ್ತು. ದಾಯಾದಿಗಳ ನಡುವೆ ವರ್ಷಗಟ್ಟಲೆ ಎಳೆದಾಡಿದ್ದ ಬದುವಿನ ತಕರಾರು. ಸರ್ವೆಯವರು ಬಂದರು, ನಕ್ಷೆ ಬಿಚ್ಚಿದರು, ಪೊದೆ ಸವರಿ ಬಾಂದು ಕಲ್ಲು ಹುಡುಕಿದ್ದಾಯಿತು. ಕಲ್ಲು ಸಿಕ್ಕಿತು ಅಂತ ಎಲ್ಲರೂ ಉಸಿರು ಬಿಟ್ಟರು. ಜಗಳ ಶುರುವಾಗಿದ್ದೇ ಆಮೇಲೆ.

"ಕಲ್ಲಿನ ಈ ಮಗ್ಗುಲಿಂದ ಟೇಪು ಹಿಡೀರಿ ಸಾರ್" ಅಂದರು ದೊಡ್ಡಪ್ಪ. "ಅದೆಂಗಾಯ್ತದಣ್ಣ, ಆ ಮಗ್ಗುಲಿಂದ ಹಿಡೀಬೇಕು" ಅಂದರು ಚಿಕ್ಕಪ್ಪ. ಕಲ್ಲಿನ ಅಗಲ ಒಂದು ಅಡಿ. ಬದುವಿನ ಉದ್ದ 400 ಅಡಿ. ಅಂದರೆ ಕಲ್ಲಿನ ಯಾವ ಮಗ್ಗುಲು ಅನ್ನುವುದರ ಮೇಲೆ 400 ಚದರಡಿ ನೆಲ ಅತ್ತ ಅಥವಾ ಇತ್ತ. ನಮ್ಮ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ ಆರು ಆಣೆ.

ಸರ್ವೆಯವರು ಏನೂ ಮಾತಾಡಲಿಲ್ಲ. ಕಲ್ಲಿನ ನೆತ್ತಿ ಒರೆಸಿ, ಸೀಮೆಸುಣ್ಣದಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದರು. "ಯಜಮಾನ್ರೇ, ಕಲ್ಲು ಬರೀ ಗುರುತು. ಈ ಎರಡು ಗೆರೆ ಕೂಡ್ತವಲ್ಲ, ಆ ಜಾಗವೇ ಗಡಿ" ಅಂದರು. ಪಕ್ಕದಲ್ಲಿ ನಿಂತಿದ್ದ ಆರನೇ ಕ್ಲಾಸಿನ ಹುಡುಗಿ ಮೆಲ್ಲಗೆ ಅಂದಳು: "ಅದು ಬಿಂದು."

ಅವತ್ತು ರಾತ್ರಿ ನಾವು ಆ ಹುಡುಗಿಯ ಗಣಿತ ಪುಸ್ತಕ ತೆರೆದು ನೋಡಿದೆವು. ಬಿಂದು, ರೇಖಾಖಂಡ, ರೇಖೆ, ಕಿರಣ. ನಾವೂ ಇದನ್ನೇ ಓದಿ, ಉರು ಹೊಡೆದು, ಪರೀಕ್ಷೆ ಬರೆದು ಮರೆತವರು. ಇದು ನಮ್ಮ ಹೊಲದ ವಿಷಯ ಅಂತ ಯಾರೂ ಹೇಳಿರಲಿಲ್ಲ. ಈ ನಾಲ್ಕು ಪದಗಳು ಎಲ್ಲಿಂದ ಬಂದವು, ನಮ್ಮ ಬದುವಿನವರೆಗೆ ಹೇಗೆ ತಲುಪಿದವು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ಮೊದಲು ನಾಲ್ಕು ಪದ

ಶಾಲೆ ಬಿಟ್ಟು ಬಹಳ ದಿನ ಆದವರಿಗಾಗಿ ಒಂದು ಸಲ ನೆನಪು ಮಾಡಿಕೊಳ್ಳೋಣ.

ಬಿಂದು ಅಂದರೆ ಒಂದು ಜಾಗದ ಗುರುತು. ಅದಕ್ಕೆ ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ. ಪೆನ್ಸಿಲ್ಲಿನಲ್ಲಿ ಇಡುವ ಚುಕ್ಕಿ ಬಿಂದುವಿನ ಗುರುತು ಮಾತ್ರ, ಬಾಂದು ಕಲ್ಲು ಗಡಿಯ ಗುರುತಾದ ಹಾಗೆ.

ಎರಡು ಬಿಂದುಗಳ ನಡುವೆ ನೆಟ್ಟಗೆ ಹೋಗುವುದು ರೇಖಾಖಂಡ. ಎರಡು ಗೂಟದ ನಡುವೆ ಬಿಗಿದ ಹಗ್ಗ ಅಂತ ತಿಳಿಯಿರಿ. ಅದಕ್ಕೆ ಎರಡು ತುದಿ ಇದೆ, ಅಳೆಯಬಹುದು.

ಅದೇ ಹಗ್ಗ ಎರಡೂ ಕಡೆ ಕೊನೆಯಿಲ್ಲದೆ ನೆಟ್ಟಗೆ ಸಾಗಿದರೆ ಅದು ರೇಖೆ. ಅದನ್ನು ಅಳೆಯಲು ಆಗದು. ಪುಸ್ತಕದಲ್ಲಿ ಎರಡೂ ತುದಿಗೆ ಬಾಣದ ಗುರುತು ಹಾಕುವುದು ಅದಕ್ಕೇ.

ಒಂದು ಕಡೆ ತುದಿ ಇದ್ದು, ಇನ್ನೊಂದು ಕಡೆ ಕೊನೆಯಿಲ್ಲದೆ ಹೋದರೆ ಕಿರಣ. ಕತ್ತಲಲ್ಲಿ ಟಾರ್ಚು ಬಿಟ್ಟ ಹಾಗೆ. ಹೊರಟ ಜಾಗ ಗೊತ್ತು, ದಿಕ್ಕು ಗೊತ್ತು, ಮುಟ್ಟುವ ಜಾಗ ಗೊತ್ತಿಲ್ಲ.

ಇಷ್ಟೇ. ಆದರೆ ಈ ನಾಲ್ಕೂ ಒಂದೇ ದಿನ ಹುಟ್ಟಿದವಲ್ಲ. ಗೂಟ ಮತ್ತು ಹಗ್ಗ ಮೊದಲು ಬಂದವು. ದಪ್ಪವಿಲ್ಲದ ಬಿಂದು ಆಮೇಲೆ ಬಂತು. ಕಿರಣಕ್ಕೆ ಲೆಕ್ಕದ ಪುಸ್ತಕದಲ್ಲಿ ಸ್ವಂತ ಸ್ಥಾನ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ.

ಹಗ್ಗ ಹಿಡಿದವರು

ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಈಜಿಪ್ಟಿನ ಬಗ್ಗೆ ಬರೆದಿದ್ದಾನೆ. ಅಲ್ಲಿನ ಅರಸ ರೈತರಿಗೆ ನೆಲ ಹಂಚಿ ಕಂದಾಯ ಕಟ್ಟಿದ್ದ. ನೈಲ್ ನದಿಯ ನೆರೆ ಯಾರದ್ದಾದರೂ ಹೊಲದ ಒಂದು ಭಾಗ ಕೊಚ್ಚಿಕೊಂಡು ಹೋದರೆ, ಆ ರೈತ ದೂರು ಕೊಡುತ್ತಿದ್ದ. ಅಳೆಯುವವರು ಬಂದು ಎಷ್ಟು ಕಳೆದುಹೋಗಿದೆ ಅಂತ ನೋಡಿ ಕಂದಾಯ ಇಳಿಸುತ್ತಿದ್ದರು. ಭೂಮಿ ಅಳೆಯುವ ವಿದ್ಯೆ ಅಲ್ಲಿಂದಲೇ ಗ್ರೀಕರಿಗೆ ಬಂತು ಅನ್ನುವುದು ಅವನ ಅಭಿಪ್ರಾಯ. ಜಿಯೊಮೆಟ್ರಿ ಅನ್ನುವ ಗ್ರೀಕ್ ಮಾತಿನ ಅರ್ಥವೇ ಭೂಮಿಯ ಅಳತೆ.

ನಮ್ಮ ನಾಡಿನಲ್ಲಿ ಹಗ್ಗದ ಹೆಸರಿನಲ್ಲೇ ಶಾಸ್ತ್ರವಿದೆ. ಶುಲ್ಬ ಅಂದರೆ ಹಗ್ಗ. ಯಜ್ಞದ ವೇದಿಕೆಗಳನ್ನು ಅಳತೆ ಕೆಡದಂತೆ ಕಟ್ಟುವುದು ಹೇಗೆ ಅಂತ ಹೇಳುವ ಶುಲ್ಬಸೂತ್ರಗಳಲ್ಲಿ ಸಲಕರಣೆ ಎರಡೇ: ಗೂಟ ಮತ್ತು ಹಗ್ಗ. ಕಾತ್ಯಾಯನನ ಶುಲ್ಬಸೂತ್ರದಲ್ಲಿ ಪೂರ್ವ-ಪಶ್ಚಿಮ ಕಂಡುಹಿಡಿಯುವ ಉಪಾಯವಿದೆ. ಅದನ್ನು ನಿಮ್ಮ ಮನೆಯಂಗಳದಲ್ಲೇ ಮಾಡಿ ನೋಡಬಹುದು. ಸಮತಟ್ಟು ನೆಲದಲ್ಲಿ ಒಂದು ಗೂಟ ನೆಡಿ. ಗೂಟವೇ ನಡುವಾಗುವಂತೆ ಹಗ್ಗದಿಂದ ಒಂದು ವೃತ್ತ ಎಳೆಯಿರಿ. ಬೆಳಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ, ಅಲ್ಲೊಂದು ಗುರುತು. ಮಧ್ಯಾಹ್ನ ಕಳೆದ ಮೇಲೆ ಅದೇ ನೆರಳು ವೃತ್ತವನ್ನು ಮುಟ್ಟಿ ಹೊರಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಗುರುತು. ಎರಡನ್ನೂ ಕೂಡಿಸಿ ಎಳೆದ ಗೆರೆ ಪೂರ್ವ-ಪಶ್ಚಿಮ. ಎರಡು ಬಿಂದು ಸಿಕ್ಕರೆ ಒಂದು ನೆಟ್ಟನೆ ಗೆರೆ ನಿಂತಂತೆಯೇ ಅನ್ನುವ ಪಾಠ ಅದರೊಳಗೇ ಇದೆ.

ಕನ್ನಡ ನಾಡಿನ ಶಾಸನಗಳಲ್ಲೂ ಅಳತೆಯ ಮಾತು ಹೇರಳ. ಗಳೆ, ಕೋಲು ಅಂತ ಅಳೆಯುವ ಸಲಕರಣೆ. ಮತ್ತರು, ಕಮ್ಮ ಅಂತ ನೆಲದ ಪ್ರಮಾಣ. ದಾನ ಕೊಟ್ಟ ಭೂಮಿಯ ಗಡಿಗೆ ಕಲ್ಲು ನೆಡುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆ ಕಲ್ಲು. ಇಂಥ ಕಲ್ಲು ಈಗಲೂ ಎಷ್ಟೋ ಊರಿನ ಹೊಲದಂಚಿನಲ್ಲಿ ನಿಂತಿದೆ. ಕೆಲವು ಕಡೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆಯನ್ನೂ ಮಾಡುತ್ತಾರೆ. ನೋಡಿದರೆ ದೇವರ ಕಲ್ಲು, ಮಾಡುತ್ತಿದ್ದ ಕೆಲಸ ಬಾಂದು ಕಲ್ಲಿನದು.

ಲೆಕ್ಕವೂ ಇಲ್ಲಿ ಹೊಲದ ಭಾಷೆಯಲ್ಲೇ ಇತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅವನ ಒಂದು ಪುಸ್ತಕದ ಹೆಸರು 'ಕ್ಷೇತ್ರಗಣಿತ'. ಕ್ಷೇತ್ರ ಅಂದರೆ ಹೊಲ. ಗಣಿತದಲ್ಲಿ ಕ್ಷೇತ್ರ ಅಂದರೆ ತ್ರಿಕೋನ, ಚೌಕದಂಥ ಆಕೃತಿ. ಎರಡಕ್ಕೂ ಒಂದೇ ಮಾತು. ವಿಸ್ತೀರ್ಣಕ್ಕೆ ಕ್ಷೇತ್ರಫಲ ಅನ್ನುತ್ತೇವಲ್ಲ, ಹೊಲದ ಫಲ ಅನ್ನುವ ನೆನಪು ಆ ಮಾತಿನಲ್ಲೇ ಕೂತಿದೆ.

ದಪ್ಪ ತೆಗೆದವನು

ಹಾಗಾದರೆ ದಪ್ಪವಿಲ್ಲದ ಬಿಂದುವನ್ನು ಯಾರು ತಂದರು, ಯಾಕೆ ತಂದರು?

ಈ ಯೋಚನೆಯನ್ನು ಅಚ್ಚುಕಟ್ಟಾಗಿ ಜೋಡಿಸಿ ಬರೆದವನು ಯೂಕ್ಲಿಡ್. ಸುಮಾರು ಕ್ರಿಸ್ತಪೂರ್ವ 300ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ. ಅವನ 'ಎಲಿಮೆಂಟ್ಸ್' 13 ಭಾಗದ ಪುಸ್ತಕ. ಅದು ಶುರುವಾಗುವುದೇ ಬಿಂದುವಿನಿಂದ. ಬಿಂದುವನ್ನು ಇನ್ನು ತುಂಡು ಮಾಡಲು ಆಗದು, ಗೆರೆಗೆ ಉದ್ದ ಉಂಟು ಅಗಲ ಇಲ್ಲ, ಗೆರೆಯ ತುದಿಗಳು ಬಿಂದುಗಳು ಅನ್ನುವ ಅರ್ಥದ ಮಾತುಗಳು ಅಲ್ಲಿ ಸಾಲಾಗಿ ಬರುತ್ತವೆ.

ಹೊಲದಲ್ಲಿ ನಿಂತವರಿಗೆ ಇದು ಹುಚ್ಚುಮಾತು ಅನಿಸುತ್ತದೆ. ಅಗಲವೇ ಇಲ್ಲದ ಗೆರೆ ಕಣ್ಣಿಗೆ ಕಾಣುತ್ತದೆಯೇ? ಕಾಣುವುದಿಲ್ಲ. ಆದರೆ ದೊಡ್ಡಪ್ಪ-ಚಿಕ್ಕಪ್ಪನ ಜಗಳ ನೆನಪು ಮಾಡಿಕೊಳ್ಳಿ. ಗಡಿಗೆ ಒಂದು ಅಡಿ ಅಗಲ ಇದೆ ಅಂತ ಒಪ್ಪಿದರೆ, ಆ ಒಂದು ಅಡಿ ಯಾರದು? ಅದನ್ನೂ ಪಾಲು ಮಾಡಬೇಕು. ಪಾಲು ಮಾಡಲು ನಡುವೆ ಇನ್ನೊಂದು ಗೆರೆ ಬೇಕು. ಆ ಗೆರೆಗೂ ಅಗಲ ಇದ್ದರೆ ಮತ್ತೆ ಜಗಳ. ಜಗಳ ನಿಲ್ಲಬೇಕಾದರೆ ಕೊನೆಗೆ ಅಗಲವೇ ಇಲ್ಲದ ಗೆರೆಯನ್ನೇ ಗಡಿ ಅನ್ನಬೇಕು. ಯೂಕ್ಲಿಡ್ ಹೊಲದ ತಕರಾರು ಬಗೆಹರಿಸಲು ಬರೆದವನಲ್ಲ. ಆದರೂ ಅವನ ಗೆರೆ ಇಲ್ಲದೆ ಹೊಲದ ತಕರಾರು ಬಗೆಹರಿಯುವುದಿಲ್ಲ.

ಇನ್ನೊಂದು ವಿಷಯ ನಮಗೆ ಆಶ್ಚರ್ಯ ತಂದಿತು. ಯೂಕ್ಲಿಡ್ ಸರಳರೇಖೆ ಅಂದಾಗ ಸಾಮಾನ್ಯವಾಗಿ ಅವನ ಮನಸ್ಸಿನಲ್ಲಿ ಇರುವುದು ಎರಡು ತುದಿಯ ಗೆರೆ, ಅಂದರೆ ನಮ್ಮ ಪುಸ್ತಕದ ರೇಖಾಖಂಡ. ಬೇಕಾದರೆ ಅದನ್ನು ಇನ್ನಷ್ಟು ಉದ್ದಕ್ಕೆ ಎಳೆಯಬಹುದು ಅನ್ನುವುದು ಅವನ ನಿಯಮಗಳಲ್ಲಿ ಒಂದು. ಮೊದಲ ಭಾಗದ 22ನೇ ಲೆಕ್ಕದಲ್ಲಿ ಒಂದು ಕಡೆ ತುದಿಯಿದ್ದು ಇನ್ನೊಂದು ಕಡೆ ಕೊನೆಯಿಲ್ಲದ ಗೆರೆಯನ್ನು ಬಳಸುತ್ತಾನೆ. ನಮ್ಮ ಪುಸ್ತಕ ಅದನ್ನು ಕಿರಣ ಅನ್ನುತ್ತದೆ. ಅವನು ಅದಕ್ಕೆ ಬೇರೆ ಹೆಸರನ್ನೇ ಇಡಲಿಲ್ಲ.

ಈ ಪುಸ್ತಕ ಗ್ರೀಕಿನಿಂದ ಅರಬ್ಬಿಗೆ ಹೋಯಿತು. 13ನೇ ಶತಮಾನದಲ್ಲಿ ನಸೀರುದ್ದೀನ್ ತೂಸಿ ಎಂಬ ಪಂಡಿತ ಅದನ್ನು ಅರಬ್ಬಿಯಲ್ಲಿ ಹೊಸದಾಗಿ ಸಿದ್ಧಪಡಿಸಿದ. 18ನೇ ಶತಮಾನದ ಆರಂಭದಲ್ಲಿ, ಜಯಪುರ ಕಟ್ಟಿದ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಾಮ್ರಾಟ್ ತೂಸಿಯ ಪಾಠವನ್ನು ಸಂಸ್ಕೃತಕ್ಕೆ ತಂದು 'ರೇಖಾಗಣಿತ' ಅಂತ ಹೆಸರಿಟ್ಟ. ನಮ್ಮ ಅಜ್ಜಂದಿರು ಶಾಲೆಯಲ್ಲಿ ಜ್ಯಾಮಿತಿಗೆ ರೇಖಾಗಣಿತ ಅಂತಲೇ ಹೇಳುತ್ತಿದ್ದರು.

ಕಣ್ಣಿನಿಂದ ಹೊರಟ ಕಿರಣ

ಕಿರಣದ ಕತೆ ಸ್ವಲ್ಪ ಬೇರೆ. ಅದು ಹುಟ್ಟಿದ್ದು ಹಗ್ಗದಿಂದಲ್ಲ, ನೋಟದಿಂದ.

ಯೂಕ್ಲಿಡನೇ ನೋಟದ ಬಗ್ಗೆ ಇನ್ನೊಂದು ಪುಸ್ತಕ ಬರೆದ. ಕಣ್ಣಿನಿಂದ ನೆಟ್ಟನೆಯ ಗೆರೆಗಳು ಹೊರಟು ವಸ್ತುವನ್ನು ಮುಟ್ಟುತ್ತವೆ, ಆಗ ನಮಗೆ ಕಾಣುತ್ತದೆ ಅಂತ ಅವನ ನಂಬಿಕೆ. 11ನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಬ್ನ್ ಅಲ್-ಹೈಥಮ್ ಅದನ್ನು ತಿದ್ದಿದ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ವಸ್ತುವಿಗೆ ಹೋಗುವುದಿಲ್ಲ ಅಂತ ತೋರಿಸಿದ. ದಿಕ್ಕು ಬದಲಾಯಿತು, ಗೆರೆ ಮಾತ್ರ ನೆಟ್ಟಗೇ ಉಳಿಯಿತು.

ಬಿಂದು, ರೇಖೆಗಳ ತಳಹದಿಯನ್ನು ಮತ್ತೆ ಗಟ್ಟಿ ಮಾಡುವ ಕೆಲಸ ನಡೆದದ್ದು 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯಲ್ಲಿ. ಒಂದು ಗೆರೆಯ ಮೇಲೆ ಈ ಬಿಂದು ಆ ಎರಡರ ನಡುವೆ ಇದೆ ಅನ್ನುವ ಮಾತನ್ನು ಯೂಕ್ಲಿಡ್ ಚಿತ್ರ ನೋಡಿ ಒಪ್ಪಿಕೊಂಡಿದ್ದ. ಅದಕ್ಕೂ ನಿಯಮ ಬೇಕು ಅಂತ ಮೊರಿಟ್ಸ್ ಪಾಶ್ 1882ರಲ್ಲಿ, ಡೇವಿಡ್ ಹಿಲ್ಬರ್ಟ್ 1899ರಲ್ಲಿ ಬರೆದರು. ಒಂದು ರೇಖೆಯ ಮೇಲೆ ಬಿಂದುವೊಂದನ್ನು ಇಟ್ಟರೆ ಅದು ರೇಖೆಯನ್ನು ಎರಡು ಪಾಲು ಮಾಡುತ್ತದೆ. ಆ ಒಂದೊಂದು ಪಾಲು ಒಂದೊಂದು ಕಿರಣ. ಕೋನ ಅಂದರೆ ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣ. ಇವತ್ತು ನಮ್ಮ ಮಕ್ಕಳು ಓದುವ ಅರ್ಥ ಇದೇ ದಾರಿಯಿಂದ ಬಂದದ್ದು.

ಪುಸ್ತಕದಲ್ಲಿ ಹೀಗೆ ಅರ್ಥ ಗಟ್ಟಿಯಾಗುವ ಎಷ್ಟೋ ಮೊದಲೇ, ಬಿಂದು-ರೇಖಾಖಂಡ-ಕಿರಣಗಳನ್ನು ಹಿಡಿದು ಇಡೀ ದೇಶವನ್ನೇ ಅಳೆಯುವ ಕೆಲಸ ಶುರುವಾಗಿತ್ತು. ಅದರ ಮೊದಲ ಗೆರೆ ಬಿದ್ದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿ.

ಒಂದು ಗೆರೆ ಅಳೆದು, ಮಿಕ್ಕದ್ದೆಲ್ಲ ನೋಡಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಗೆದ್ದ ಕಂಪನಿ ಸರ್ಕಾರಕ್ಕೆ ಹೊಸ ಸೀಮೆಯ ನಕ್ಷೆ ಬೇಕಿತ್ತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಕರಾವಳಿಯಿಂದ ಕರಾವಳಿಯವರೆಗೆ ಇಡೀ ಪರ್ಯಾಯ ದ್ವೀಪವನ್ನು ಅಳೆಯುವ ಯೋಜನೆ ಮುಂದಿಟ್ಟ. ನೂರಾರು ಮೈಲಿ ಉದ್ದಕ್ಕೂ ಬೆಟ್ಟ, ಕಾಡು, ಹೊಳೆ ದಾಟಿ ಸರಪಳಿ ಎಳೆಯಲು ಆಗುತ್ತದೆಯೇ? ಅವನ ಉಪಾಯ ಹೀಗಿತ್ತು.

ಸಮತಟ್ಟು ಬಯಲಿನಲ್ಲಿ ಎರಡು ಬಿಂದು ಗುರುತಿಸು. ನಡುವಿನ ರೇಖಾಖಂಡವನ್ನು ಎಷ್ಟು ಹುಷಾರಾಗಿ ಆಗುತ್ತದೋ ಅಷ್ಟು ಹುಷಾರಾಗಿ ಅಳೆ. ಇದು ಆಧಾರ ರೇಖೆ. ಈಗ ಒಂದು ತುದಿಯಲ್ಲಿ ನಿಂತು ದೂರದ ಬೆಟ್ಟದ ಮೇಲಿನ ಬಾವುಟ ನೋಡು. ಅದು ಒಂದು ಕಿರಣ. ಅಲ್ಲಿನ ಕೋನ ಬರೆದುಕೋ. ಇನ್ನೊಂದು ತುದಿಗೆ ಹೋಗಿ ಅದೇ ಬಾವುಟ ನೋಡು. ಅದು ಇನ್ನೊಂದು ಕಿರಣ. ಎರಡು ಕಿರಣ ಕೂಡುವುದು ಒಂದೇ ಬಿಂದುವಿನಲ್ಲಿ, ಬೆಟ್ಟದ ನೆತ್ತಿಯಲ್ಲಿ. ತ್ರಿಕೋನ ಆಯಿತು. ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಮಿಕ್ಕ ಎರಡು ಬಾಹುಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಆ ಬಾಹುವನ್ನೇ ಹೊಸ ಆಧಾರ ಮಾಡಿಕೊಂಡು ಮುಂದಿನ ತ್ರಿಕೋನ. ಹೀಗೆ ಒಂದರ ಹೆಗಲ ಮೇಲೆ ಇನ್ನೊಂದು ಇಟ್ಟುಕೊಂಡು ಹೋದರೆ ಮತ್ತೆ ನೆಲ ಮುಟ್ಟಿ ಅಳೆಯುವ ಕೆಲಸ ಅಪರೂಪ.

1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಅವನು ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯನ್ನು ಅಳೆದ. ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ, 40 ಕೊಂಡಿ. ಆ ಸರಪಳಿಗೂ ಒಂದು ಕತೆಯಿದೆ. ಅದು ಚೀನಾದ ಚಕ್ರವರ್ತಿಗೆ ಕೊಡಲೆಂದು ಬ್ರಿಟಿಷ್ ರಾಯಭಾರಿಗಳು ಒಯ್ದಿದ್ದ ಸಾಮಾನುಗಳಲ್ಲಿ ಒಂದು, ತಿರುಗಿ ತಿರುಗಿ ಇಲ್ಲಿಗೆ ಬಂತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಕೈಬಿಟ್ಟರೆ ಸರಪಳಿ ಜೋಲುತ್ತದೆ. ಅದಕ್ಕೇ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಟ್ಟಸವಾಗಿ ಮಲಗಿಸಿ, ಮೇಲೆ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು ಅಳೆಯುತ್ತಿದ್ದರು.

ಇದು ತಾಲೀಮು. ಮುಖ್ಯ ಕೆಲಸ 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾಯಿತು. ಅಲ್ಲಿಯೂ ಸುಮಾರು ಏಳೂವರೆ ಮೈಲಿಯ ಗೆರೆ. ಸರಪಳಿಯನ್ನು ಸುಮಾರು 400 ಸಲ ಎತ್ತಿ ಇಡಬೇಕಾಯಿತು. ಕೋನ ಅಳೆಯಲು ಇಂಗ್ಲೆಂಡಿನಿಂದ ತರಿಸಿದ ಥಿಯೊಡೊಲೈಟ್ ಯಂತ್ರದ ತೂಕ ಅರ್ಧ ಟನ್. ದಾರಿಯಲ್ಲಿ ಫ್ರೆಂಚರು ಹಡಗನ್ನೇ ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ಯಂತ್ರ ಯಾವುದಕ್ಕೆ ಅಂತ ತಿಳಿದ ಮೇಲೆ ಅಲ್ಲಿನ ಗವರ್ನರ್ ಅದನ್ನು ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟ.

ಮದ್ರಾಸಿನಿಂದ ತ್ರಿಕೋನಗಳು ಪಶ್ಚಿಮಕ್ಕೆ ಸಾಗಿ ಮೈಸೂರು ಸೀಮೆಗೆ ಬಂದವು. ಲೆಕ್ಕ ತಪ್ಪಿದೆಯೋ ಸರಿಯಿದೆಯೋ ಅಂತ ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ನೆಲದ ಮೇಲೆಯೇ ಅಳೆದರು. ಮದ್ರಾಸಿನಿಂದ ಬರೀ ಕಿರಣಗಳಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ, ಸರಪಳಿಯಿಂದ ಅಳೆದ ಉದ್ದಕ್ಕೂ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಏಳು ಮೈಲಿಯ ಗೆರೆಯಲ್ಲಿ ನಾಲ್ಕು ಇಂಚು! ಮುಂದೆ ಮಂಗಳೂರಿನ ಕಡಲು ಮುಟ್ಟಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಳೆಯ ನಕ್ಷೆಗಳು ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ತೋರಿಸುತ್ತಿದ್ದವು. ನಿಜವಾಗಿ ಇದ್ದದ್ದು ಸುಮಾರು 360. ನಕ್ಷೆಯ ಮೇಲಿದ್ದ 40 ಮೈಲಿ ನೆಲದ ಮೇಲೆ ಇರಲೇ ಇಲ್ಲ.

1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಯಂತ್ರವನ್ನು ಏರಿಸುವಾಗ ಹಗ್ಗ ಹರಿಯಿತು. ಯಂತ್ರ ಗೋಡೆಗೆ ಬಡಿದು ಅದರ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಸುಮಾರು ಆರು ವಾರ ಡೇರೆಯೊಳಗೆ ಕೂತು ಅದನ್ನು ಸರಿಮಾಡಿದ. 1823ರಲ್ಲಿ ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ, ಕೆಲಸದ ನಡುವೆಯೇ ತೀರಿಕೊಂಡ. ಸರ್ವೆ ನಿಲ್ಲಲಿಲ್ಲ. 1841ರಲ್ಲಿ ಬೀದರ್ ಬಳಿ, 1868ರಲ್ಲಿ ಮತ್ತೆ ಬೆಂಗಳೂರಿನ ಬಳಿ ಆಧಾರ ರೇಖೆಗಳನ್ನು ಅಳೆದರು. ಅಷ್ಟರಲ್ಲಿ ಸರಪಳಿ ಹೋಗಿ ಕಬ್ಬಿಣ-ಹಿತ್ತಾಳೆ ಜೋಡಿಸಿದ ಪಟ್ಟಿಗಳು ಬಂದಿದ್ದವು. ಬಿಸಿಲಿಗೆ ಎರಡು ಲೋಹ ಬೇರೆ ಬೇರೆಯಾಗಿ ಹಿಗ್ಗುವುದನ್ನೇ ಉಪಾಯವಾಗಿ ಬಳಸಿ, ಪಟ್ಟಿಯ ಮೇಲಿನ ಎರಡು ಚುಕ್ಕಿಗಳ ನಡುವಿನ ದೂರ ಬದಲಾಗದಂತೆ ಮಾಡಿದ್ದರು.

ಇಲ್ಲಿ ಒಂದು ಮಾತು ಗಮನಿಸಿ. ಸರಪಳಿ ಹಿಗ್ಗುತ್ತದೆ. ಹಗ್ಗ ಜೋಲುತ್ತದೆ. ದೂರದ ನೋಟವೂ ಗಾಳಿಯ ಬಿಸಿ-ತಂಪಿಗೆ ಸ್ವಲ್ಪ ಬಾಗುತ್ತದೆ. ಪುಸ್ತಕದ ರೇಖಾಖಂಡ ಹಿಗ್ಗುವುದಿಲ್ಲ, ಪುಸ್ತಕದ ಕಿರಣ ಬಾಗುವುದಿಲ್ಲ. ನೆಲದ ಮೇಲಿನ ಅಳತೆ ಎಷ್ಟು ತಪ್ಪಿದೆ ಅಂತ ಹೇಳಲು ತಪ್ಪೇ ಇಲ್ಲದ ಒಂದು ಗೆರೆ ಮನಸ್ಸಿನಲ್ಲಿ ಇರಬೇಕು. ಬಂಗಾರ ತೂಗುವವನಿಗೆ ಸರಿಯಾದ ತೂಕದ ಕಲ್ಲು ಬೇಕಾದ ಹಾಗೆ. ಕಣ್ಣಿಗೆ ಕಾಣದ ಬಿಂದು-ರೇಖೆ-ಕಿರಣಗಳ ಉಪಯೋಗ ಇದು.

ಇಷ್ಟೆಲ್ಲ ಆದದ್ದು ನಮ್ಮ ರೈತರ ಉಪಕಾರಕ್ಕಲ್ಲ, ಅದನ್ನೂ ಹೇಳಬೇಕು. ಗೆದ್ದವರಿಗೆ ಆಳಲು ನಕ್ಷೆ ಬೇಕಿತ್ತು. ಬೆಟ್ಟಕ್ಕೆ ಯಂತ್ರ ಹೊತ್ತವರು, ಕಾಡು ಸವರಿದವರು, ಜ್ವರ ಬಂದು ಸತ್ತವರು ನಮ್ಮ ಕಡೆಯ ಜನ. ಅವರ ಹೆಸರು ನಕ್ಷೆಯ ಮೇಲೆ ಇಲ್ಲ.

ಬೆಟ್ಟದಿಂದ ಹೊಲಕ್ಕೆ

ದೊಡ್ಡ ಸರ್ವೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ನಮ್ಮ ಹೊಲಕ್ಕೆ ಇಳಿದದ್ದು ಕಂದಾಯದ ಸರ್ವೆ. ಮುಂಬೈ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಕಡೆಯ ಇಂದಾಪುರದಲ್ಲಿ ಶುರುಮಾಡಿದ ಪದ್ಧತಿ, ಧಾರವಾಡದ ಕಡೆಗೂ ಬಂದು, 1863ರಲ್ಲಿ ಮೈಸೂರು ಸೀಮೆಗೂ ಕಾಲಿಟ್ಟಿತು. ನಮ್ಮ ಸರ್ವೆ ನಂಬರುಗಳ ಬೇರು ಅಲ್ಲಿದೆ.

ಆ ಪದ್ಧತಿಯ ಸರಪಳಿ 33 ಅಡಿ. ಅದನ್ನು 16 ಆಣೆ ಅಂತ ಭಾಗ ಮಾಡಿದರು, ರೂಪಾಯಿಗೆ 16 ಆಣೆ ಇದ್ದ ಹಾಗೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಒಂದು ಗುಂಟೆ: 33 ಗುಣಿಸು 33, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ, 43,560 ಚದರಡಿ. ಗುಂಟೆಯ ಹದಿನಾರನೇ ಒಂದು ಪಾಲು ಆಣೆ, ಸುಮಾರು 68 ಚದರಡಿ. ಮೇಲೆ 400 ಚದರಡಿಗೆ ಆರು ಆಣೆ ಅಂದದ್ದು ಈ ಲೆಕ್ಕದಲ್ಲಿ. ಪಹಣಿಯಲ್ಲಿ ಎಕರೆ-ಗುಂಟೆ-ಆಣೆ ಅಂತ ಬರುವ ಅಂಕಿಗಳ ಹಿಂದೆ ಇರುವುದು ಆ 33 ಅಡಿಯ ರೇಖಾಖಂಡ.

ಇನ್ನು ಟಿಪ್ಪಣಿ. ಸರ್ವೆ ಕಚೇರಿಯಿಂದ ನಿಮ್ಮ ನಂಬರಿನ ಮೂಲ ಟಿಪ್ಪಣಿಯ ನಕಲು ತೆಗೆಸಿದರೆ ಕೈಯಲ್ಲಿ ಬರೆದ ಒಂದು ರೇಖಾಚಿತ್ರ ಸಿಗುತ್ತದೆ. ನೋಡಿದ ಕೂಡಲೇ ತಲೆ ತಿರುಗುತ್ತದೆ. ಆದರೆ ಅದರಲ್ಲಿ ಇರುವುದು ಆರನೇ ಕ್ಲಾಸಿನ ಪಾಠವೇ.

ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದು ನೆಟ್ಟನೆ ಗೆರೆ ಇರುತ್ತದೆ. ಅದು ಆಧಾರ ರೇಖೆ, ಅಂದರೆ ಅಳೆದ ರೇಖಾಖಂಡ. ಅದರ ಮೇಲೆ ಅಲ್ಲಲ್ಲಿ ಬಿಂದುಗಳು. ಪ್ರತಿ ಬಿಂದುವಿನಿಂದ ಎಡಕ್ಕೋ ಬಲಕ್ಕೋ ನೇರ ಅಡ್ಡವಾಗಿ ಎಳೆದ ಗೆರೆಗಳು. ಅವು ಲಂಬ. ಲಂಬದ ತುದಿಯಲ್ಲಿ ನಿಮ್ಮ ಹೊಲದ ಮೂಲೆ. ಹೊಲ ಎಷ್ಟೇ ಸೊಟ್ಟಂಬಟ್ಟ ಇರಲಿ, ನಡುವೆ ಒಂದು ನೆಟ್ಟನೆ ಗೆರೆ ಎಳೆದು, ಮೂಲೆಗಳನ್ನು ಆ ಗೆರೆಗೆ ಕಟ್ಟಿ ಹಾಕಿರುತ್ತಾರೆ. ಅಳತೆ ಸರಪಳಿ-ಆಣೆಯಲ್ಲಿ ಇದ್ದರೆ ಅಡಿಗೆ ತಿರುಗಿಸುವುದು ಕಷ್ಟವಲ್ಲ. 5 ಸರಪಳಿ 8 ಆಣೆ ಅಂದರೆ ಐದೂವರೆ ಸರಪಳಿ, 181 ಅಡಿ 6 ಇಂಚು.

ಬಾಂದು ಕಲ್ಲನ್ನು ಟ್ರಾಕ್ಟರ್ ಕಿತ್ತು ಎಸೆದಿರಬಹುದು, ಯಾರೋ ರಾತ್ರೋರಾತ್ರಿ ಸರಿಸಿರಬಹುದು. ಬಿಂದುವನ್ನು ಸರಿಸಲು ಆಗುವುದಿಲ್ಲ. ಆಧಾರ ರೇಖೆಯ ಎರಡು ತುದಿ ಸಿಕ್ಕರೆ ಕಳೆದ ಕಲ್ಲಿನ ಜಾಗವನ್ನು ಮತ್ತೆ ಹಿಡಿಯಬಹುದು. ಹದ್ದುಬಸ್ತಿನ ಕೆಲಸ ಇದೇ. ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರಗಳು ಬಂದಿವೆ. ಅವೂ ಕೊನೆಗೆ ಕೊಡುವುದು ಬಿಂದುಗಳನ್ನೇ.

ಆ ಹುಡುಗಿ ಕೇಳಿದ ಪ್ರಶ್ನೆ

ಅವತ್ತು ಹದ್ದುಬಸ್ತು ಮುಗಿಯುವಾಗ ಸಂಜೆಯಾಗಿತ್ತು. ಗಡಿ ದೊಡ್ಡಪ್ಪ ಹೇಳಿದ ಮಗ್ಗುಲಲ್ಲೂ ಇರಲಿಲ್ಲ, ಚಿಕ್ಕಪ್ಪ ಹೇಳಿದ ಮಗ್ಗುಲಲ್ಲೂ ಇರಲಿಲ್ಲ. ಕಲ್ಲಿನ ನೆತ್ತಿಯ ಎರಡು ಗೆರೆ ಕೂಡುವ ಕಡೆ ಇತ್ತು. ಇಬ್ಬರಿಗೂ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಇಬ್ಬರೂ ರುಜು ಹಾಕಿದರು.

ಹುಡುಗಿ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಈ ನಕ್ಷೆ ನಮ್ಮನೇಲೇ ಇತ್ತಲ್ಲ ದೊಡ್ಡಪ್ಪ, ಇಷ್ಟು ವರ್ಷ ಯಾಕೆ ಯಾರೂ ತೆಗೆದು ನೋಡ್ಲಿಲ್ಲ?"

ದೊಡ್ಡಪ್ಪ ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು. ನಮ್ಮಲ್ಲಿ ಮೂವರು ಡಿಗ್ರಿ ಮಾಡಿದವರು ಅಲ್ಲಿದ್ದೆವು, ಒಬ್ಬರಿಗೂ ಆ ಕಾಗದ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೆ ಎರಡು ಮನೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವು. ಒಂದು ಮದುವೆಗೆ ಹೋಗಿರಲಿಲ್ಲ, ಒಂದು ಸಾವಿಗೂ ಹೋಗಿರಲಿಲ್ಲ.

ನಿಮ್ಮ ಮನೆಯಲ್ಲೂ ಟ್ರಂಕಿನ ತಳದಲ್ಲಿ ಅಂಥ ಕಾಗದ ಇರಬಹುದು. ಇಲ್ಲದಿದ್ದರೆ ಅರ್ಜಿ ಕೊಟ್ಟು ನಕಲು ತೆಗೆಸಿ. ಮಕ್ಕಳ ಗಣಿತ ಪುಸ್ತಕ ಪಕ್ಕಕ್ಕೆ ಇಟ್ಟುಕೊಳ್ಳಿ. ಮೊದಲು ಆಧಾರ ರೇಖೆ ಯಾವುದು ಅಂತ ಹುಡುಕಿ, ಆಮೇಲೆ ಲಂಬಗಳು, ಆಮೇಲೆ ಮೂಲೆಯ ಬಿಂದುಗಳು. ಮಕ್ಕಳ ಕೈಯಲ್ಲೇ ಓದಿಸಿ. ತಪ್ಪಿದರೆ ಮತ್ತೆ ನೋಡಿ. ಆಮೇಲೆ ಒಂದು ಸಂಜೆ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಆ ಬಿಂದು ಎಲ್ಲಿದೆ ಅಂತ ಕೇಳಿ.